ಶಿಕ್ಷೆಗೆ ಅವಧಿಯಿದೆ, ಕಳಂಕಕ್ಕೆ?

ಮಾರಕಾಯುಧದಿಂದ ತೀವ್ರ ಗಾಯಗೊಳಿಸಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 118(2)ನೇ ಕಲಮು ಒಂದರಿಂದ ಹತ್ತು ವರ್ಷಗಳ ಸೆರೆವಾಸ ಅಥವಾ ಜೀವಾವಧಿ ಶಿಕ್ಷೆ ವಿಧಿಸುತ್ತದೆ. ಈ ಕಠೋರತೆಯ ಬಗ್ಗೆ ನಮಗೆ ತಕರಾರಿಲ್ಲ. ಕೈಕಾಲು ಕಳಕೊಂಡವನ ನೋವಿಗೆ ಅವಧಿಯೆಂಬುದಿಲ್ಲ. ಆದರೆ ಶಿಕ್ಷೆ ಪೂರೈಸಿ ಬಂದವನ ಹೆಸರು ಪೊಲೀಸ್ ದಾಖಲೆಯಲ್ಲಿ ಎಷ್ಟು ಕಾಲ ಉಳಿಯಬೇಕು? ವಯಸ್ಕರ ಅಪರಾಧ ದಾಖಲೆಯು ಇಂತಿಷ್ಟು ವರ್ಷಗಳಲ್ಲಿ ತಾನಾಗಿ ಅಳಿಯಬೇಕೆಂಬ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ.

ವಿಪರ್ಯಾಸ ನೋಡಿ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಗುರಿಯಾದ ರಾಜಕಾರಣಿಯು ಬಿಡುಗಡೆಯಾಗಿ ಆರು ವರ್ಷ ಕಳೆದರೆ, 1951ರ ಜನಪ್ರಾತಿನಿಧ್ಯ ಕಾಯ್ದೆಯಂತೆ ಪುನಃ ಸ್ಪರ್ಧಿಸಬಹುದು. ಗೆದ್ದರೆ ಗೃಹಮಂತ್ರಿಯೂ ಆಗಬಹುದು! ಅದೇ ಅಪರಾಧಕ್ಕೆ ಜೈಲು ಕಂಡ ಬಡವನನ್ನು ಕಾವಲುಗಾರನ ಕೆಲಸದ ಪೊಲೀಸ್ ಪರಿಶೀಲನೆಯು ಇಪ್ಪತ್ತು ವರ್ಷಗಳ ಬಳಿಕವೂ ಬಾಗಿಲಲ್ಲೇ ತಡೆಯಬಹುದು.

ಬ್ರಿಟನ್ 1974ರಲ್ಲೇ ಇದಕ್ಕೊಂದು ಕಾಯ್ದೆ ಮಾಡಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರ ತಿದ್ದುಪಡಿಯ ಬಳಿಕ, ಒಂದರಿಂದ ನಾಲ್ಕು ವರ್ಷಗಳ ಶಿಕ್ಷೆಯನ್ನು ಅದು ಮುಗಿದು ನಾಲ್ಕು ವರ್ಷ ನಿರಪರಾಧಿಯಾಗಿ ಬಾಳಿದವನು ಸಾಮಾನ್ಯ ಉದ್ಯೋಗಗಳಲ್ಲಿ ಹೇಳಿಕೊಳ್ಳಬೇಕಿಲ್ಲ. ಗಂಭೀರ ಹಲ್ಲೆಗೆ ನಾಲ್ಕು ವರ್ಷ ಮೀರಿದ ಶಿಕ್ಷೆಯಾಗಿದ್ದರೆ ಮಾತ್ರ ಈ ವಿನಾಯಿತಿಯಿಲ್ಲ. ಮಕ್ಕಳೊಂದಿಗಿನ ಕೆಲಸಗಳಿಗೂ ನಿಯಮ ಬೇರೆ. ಸಂತ್ರಸ್ತನನ್ನೂ ಪಶ್ಚಾತ್ತಾಪಪಟ್ಟವನನ್ನೂ ಏಕಕಾಲಕ್ಕೆ ಕಾಣುವ ಕ್ರಮವಿದು. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಮೂರು ಅಪರಾಧ ಕಾನೂನುಗಳಲ್ಲಿ ಇಂಥದೊಂದು ಅಧ್ಯಾಯಕ್ಕೆ ಜಾಗ ಸಿಗಲಿಲ್ಲ.