ಹಾಡಿಯ ಹಾದಿ ಹಿಡಿದ ವಿದ್ಯೆ

ವೈದ್ಯಪದವಿ ಕೈಸೇರಿದೊಡನೆ ಪಟ್ಟಣದಲ್ಲಿ ನಾಮಫಲಕ ತೂಗುವುದು ಲೋಕರೂಢಿ. ಮೈಸೂರು ವೈದ್ಯಕೀಯ ಕಾಲೇಜಿನ ಆರ್. ಬಾಲಸುಬ್ರಮಣ್ಯಂ ಹಿಡಿದ ಹಾದಿಯೇ ಬೇರೆ. ವಿದ್ಯಾರ್ಥಿಯಾಗಿದ್ದಾಗಲೇ, 1984ರಲ್ಲಿ, ಸಹಪಾಠಿಗಳೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯನ್ನು ಕಟ್ಟಿದರು. 1987ರಲ್ಲಿ ಅಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಬ್ರಹ್ಮಗಿರಿ ಹಾಡಿಯಲ್ಲಿ ಚಿಕಿತ್ಸೆಗೆ ತೊಡಗಿದರು.

ಆ ಸೀಮೆಯ ಜೇನುಕುರುಬರು, ಕಾಡುಕುರುಬರಲ್ಲಿ ಅನೇಕರು 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿಗಾಗಿಯೂ ಹುಲಿಗಳ ರಕ್ಷಣೆಗಾಗಿಯೂ ನೆಲೆ ಕಳೆದುಕೊಂಡವರು. ಕಾಡಿನಿಂದ ಹೊರಬಿದ್ದವರಿಗೆ ಜ್ವರದ ಮಾತ್ರೆಯೊಂದೇ ಸಾಕೆ? ಜೀವನೋಪಾಯ ಬೇಕು, ಅಕ್ಷರ ಬೇಕು, ಹಕ್ಕು ಕೇಳುವ ದನಿ ಬೇಕು. ಕೆಂಚನಹಳ್ಳಿ, ಸರಗೂರುಗಳಲ್ಲಿ ಆಸ್ಪತ್ರೆಗಳು ಎದ್ದವು; ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆಯೂ ಎದ್ದಿತು.

ಇಷ್ಟಾದ ಮೇಲೆ ಈ ವೈದ್ಯರು ಮತ್ತೆ ವಿದ್ಯಾರ್ಥಿಯಾದರು! ಅಮೆರಿಕದ ಹಾರ್ವರ್ಡ್‌ನಲ್ಲಿ ಸಾರ್ವಜನಿಕ ಆಡಳಿತವನ್ನು ಅಭ್ಯಸಿಸಿದರು. ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಆದರು. ಮೊದಲು ಓದು, ಆಮೇಲೆ ಸೇವೆ ಎನ್ನುವವರು ಬಹುಮಂದಿ. ಇಲ್ಲಿಯಾದರೋ ಹಾಡಿಯ ಬದುಕನ್ನು ಕಂಡ ಮೇಲೆಯೇ ಹಿರಿಯ ಓದು ಬಂದಿತು.

ಮಕ್ಕಳ ಅಂಕಪಟ್ಟಿಯನ್ನು ಹಿಡಿದು ಹಿಗ್ಗುವ ತಾಯಿತಂದೆಯರು ಇನ್ನೊಂದು ಮಾತನ್ನೂ ಕೇಳಬಹುದು: ಮಗೂ, ನಿನ್ನ ವಿದ್ಯೆ ಯಾರ ಬಾಗಿಲಿಗೆ ಹೋಗುತ್ತದೆ?