ಆಯಾಮವೂ ಬೇಲಿಯೂ

‘ನಾಲ್ಕನೆಯ ಆಯಾಮ’ ಎಂಬ ಮಾತು ಬಂದೊಡನೆ ನಮ್ಮ ಸಹಪಾಠಿಗಳಲ್ಲಿ ಕೆಲವರು ನಗುತ್ತಾರೆ. ಉಳಿದವರು ಅದು ದೆವ್ವಗಳ ವಾಸಸ್ಥಾನವೇನೋ ಎಂಬಂತೆ ಗಂಭೀರರಾಗುತ್ತಾರೆ. ಎರಡಕ್ಕೂ ಕಾರಣವೊಂದೇ. ಉದ್ದ, ಅಗಲ, ಎತ್ತರ ಎಂಬ ಮೂರು ಹೆಸರುಗಳನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ನಾವು, ಆಯಾಮವೆಂದರೇನೆಂದು ಕೇಳದೆಯೇ ಬಿ.ಎ. ತರಗತಿಯವರೆಗೆ ಬಂದಿದ್ದೇವೆ.

ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ: ಬಿಂದುವಿನ ಸ್ಥಾನವನ್ನು ಹೇಳಲು ಎಷ್ಟು ಸಂಖ್ಯೆಗಳು ಬೇಕೋ ಅಷ್ಟು ಆಯಾಮ. ರೇಖೆಗೆ ಒಂದು, ಕಾಗದದ ಹಾಳೆಗೆ ಎರಡು, ಕೋಣೆಗೆ ಮೂರು. ಸಂತೆಯ ಅಕ್ಕಿ, ಬೇಳೆ, ಬೆಲ್ಲ, ಎಣ್ಣೆಗಳ ಧಾರಣೆಯನ್ನು ಒಟ್ಟಿಗೆ ಬರೆದರೆ ನಾಲ್ಕು. ಅರ್ಥಶಾಸ್ತ್ರದ ಮಿತ್ರರು ತಮಗರಿಯದೆಯೇ ಆ ದೆವ್ವಗಳ ನಡುವೆ ಓಡಾಡುತ್ತಿದ್ದಾರೆಂದಾಯಿತು!

ಈ ಉತ್ತರ ಸುಳ್ಳಲ್ಲ, ಆದರೆ ಸಾಲದು. 1877ರಲ್ಲಿ ಜರ್ಮನಿಯ ಜಾರ್ಜ್ ಕ್ಯಾಂಟರ್ ಇದರ ಬುಡವನ್ನೇ ಅಲುಗಾಡಿಸಿದನು. ಚೌಕದೊಳಗಿನ ಬಿಂದುವಿನ ಎರಡು ಸಂಖ್ಯೆಗಳು 0.37 ಮತ್ತು 0.52 ಆಗಿರಲಿ. ಅಂಕಿಗಳನ್ನು ಜಡೆಯಂತೆ ಹೆಣೆದರೆ 0.3572 ಎಂಬ ಒಂದೇ ಸಂಖ್ಯೆ! ಈ ಉಪಾಯದಲ್ಲಿದ್ದ ಸಣ್ಣ ದೋಷವನ್ನು ಅವನ ಮಿತ್ರ ಡೆಡೆಕಿಂಡ್ ಎತ್ತಿ ತೋರಿಸಿದನು. ಕ್ಯಾಂಟರ್ ಅದನ್ನು ತಿದ್ದಿ, ಗೆರೆಯಲ್ಲಿರುವಷ್ಟೇ ಬಿಂದುಗಳು ಚೌಕದಲ್ಲಿಯೂ ಇವೆಯೆಂದು ಸಾಧಿಸಿದನು. ಕಣ್ಣಿಗೆ ಕಂಡರೂ ನಂಬಲಾಗುತ್ತಿಲ್ಲವೆಂದು ಅವನೇ ಡೆಡೆಕಿಂಡನಿಗೆ ಬರೆದನಂತೆ. ಹಾಗಾದರೆ ಒಂದು, ಎರಡು ಎಂಬ ಭೇದವೇ ಸುಳ್ಳೆ?

ಅಲ್ಲ. ಈ ಹೆಣಿಗೆಯಲ್ಲಿ ನೆರೆಹೊರೆ ಕೆಡುತ್ತದೆ. ಎರಡನೆಯ ಸಂಖ್ಯೆ 0.5555 ಆಗಿಯೇ ಇದ್ದು, ಮೊದಲನೆಯದು 0.4999ರಿಂದ 0.5000ಕ್ಕೆ ಕೂದಲೆಳೆಯಷ್ಟು ಸರಿಯಲಿ. ಹೆಣೆದ ಸಂಖ್ಯೆ 0.45959595ರಿಂದ 0.55050505ಕ್ಕೆ ಹಾರುತ್ತದೆ! ಅಂತರ ಒಂಬೈನೂರು ಪಟ್ಟಿಗೂ ಮಿಕ್ಕಿತು. ನೆರೆಯವರನ್ನು ನೆರೆಯವರಾಗಿಯೇ ಉಳಿಸಿ ಗೆರೆಯನ್ನು ಚೌಕಕ್ಕೆ ಬಿಂದುವಿಗೊಂದು ಬಿಂದುವಿನಂತೆ ಹೊಂದಿಸಲಾಗದೆಂದು ಡಚ್ ಗಣಿತಜ್ಞ ಬ್ರೌವರ್ 1911ರಲ್ಲಿ ಸಿದ್ಧಪಡಿಸಿದನು. ಗೆರೆ, ಚೌಕಗಳಿಗೆ ಮಾತ್ರವಲ್ಲ, ಎಷ್ಟು ಆಯಾಮಗಳಿಗಾದರೂ. ಆದ್ದರಿಂದ ಆಯಾಮವು ಬರಿಯ ಬಿಂದುಗಳ ಎಣಿಕೆಯಲ್ಲ, ಅವು ಒಂದರ ಮಗ್ಗುಲಿಗೊಂದು ಕುಳಿತಿರುವ ರೀತಿ.

ಆದರೆ ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಫ್ರಾನ್ಸಿನ ಪೊಯಿಂಕಾರೆ ತಾನು ತೀರಿಕೊಂಡ ವರ್ಷ, 1912ರಲ್ಲಿ, ಕೊಟ್ಟ ವಿವರಣೆ. ಯಾವುದನ್ನೇ ಆಗಲಿ ತುಂಡರಿಸಲು ಏನು ಬೇಕೆಂದು ನೋಡಿ ಎಂದನು ಅವನು. ದಾರದ ಮೇಲಿನ ಇರುವೆಯನ್ನು ತಡೆಯಲು ಒಂದು ಬಿಂದು ಸಾಕು. ಬಿಂದುವಿಗೆ ಆಯಾಮವಿಲ್ಲ, ದಾರಕ್ಕೆ ಒಂದು. ಹೊಲವನ್ನು ಬೇರ್ಪಡಿಸಲು ರೇಖೆ, ಎಂದರೆ ಬೇಲಿ, ಬೇಕು, ಹೊಲಕ್ಕೆ ಎರಡು. ಬೇಲಿಗಿಂತ ಒಂದು ಹೆಚ್ಚು, ಅಷ್ಟೆ.

ತರಗತಿಯಲ್ಲಿ ಸೂತ್ರಕ್ಕೆ ಮೊದಲು ಈ ಬೇಲಿ ಬರಬೇಕೆಂಬುದು ನನ್ನ ಅಭಿಪ್ರಾಯ. ಆಯಾಮದಂಥ ವಿಷಯ ಎಲ್ಲರಿಗೂ ಎಟುಕುವುದಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ರಜೆಯಲ್ಲಿ ಊರಿಗೆ ಹೋದಾಗ ಅಕ್ಷರ ಬಾರದ ನಮ್ಮಪ್ಪನಿಗೆ ಇದನ್ನು ಹೇಳಿದೆ. ಅವರು ಕೂಡಲೇ, “ಎಮ್ಮೆಗೆ ಬೇಲಿ ಸರಿ, ಕಾಗೆಗೆ ಬೇಲಿ ಯಾವ ಲೆಕ್ಕ? ಅದಕ್ಕೆ ಗೋಡೆ, ಸೂರು ಎಲ್ಲಾ ಬೇಕು” ಎಂದರು. ಮೂರನೆಯ ಆಯಾಮವನ್ನು ನಾನು ಹೇಳಬೇಕಾಗಲೇ ಇಲ್ಲ. ಗೋಡೆ ಸೂರುಗಳಿದ್ದರೂ, ಒಂದನ್ನೂ ಒಡೆಯದೆ ಹೊರಬರುವ ಪ್ರಾಣಿಯನ್ನು ಊಹಿಸಿಕೊಂಡರೆ ಅದೇ ನಾಲ್ಕನೆಯದು ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದು, ಅಂಥದಕ್ಕೆ ಬೇಲಿ ಎಂಥದಪ್ಪಾ ಎಂದು ಕೇಳಿದರು. ನಾವು ಕುಳಿತಿರುವ ಈ ಜಾಗದಂತೆಯೇ ಮೂರು ಆಯಾಮದ್ದು ಎಂದೆ.