ಹಿತ್ತಲ ಕೊಳವೂ ಊರ ಕೊಳವೂ

ಬಿಸಿಲು ಹೆಚ್ಚಿದ ಊರುಗಳಲ್ಲಿ ಈಜುಕೊಳಗಳೂ ಹೆಚ್ಚಿರುವುದು ಸಹಜವೆಂದು ಮೇಲುನೋಟಕ್ಕೆ ಯಾರಿಗಾದರೂ ತೋರುತ್ತದೆ. ಸೆಕೆಯಾದಾಗ ನೀರಿಗಿಳಿಯಬೇಕೆನ್ನಿಸುವುದು ಮನುಷ್ಯನ ಸ್ವಭಾವ. ಆದರೆ ಬಿಸಿಲೊಂದೇ ಕಾರಣವಾಗಿದ್ದ ಪಕ್ಷದಲ್ಲಿ ನಮ್ಮ ರಾಯಚೂರು, ಕಲಬುರಗಿಗಳಲ್ಲಿ ಮನೆಗೊಂದು ಕೊಳವಿರಬೇಕಾಗಿತ್ತು. ಅಲ್ಲಿ ಬಿಸಿಲಿಗೆ ಬರವೇನೂ ಇಲ್ಲವಷ್ಟೆ! ಆದರೂ ಅಲ್ಲಿಯ ಹಿತ್ತಲುಗಳಲ್ಲಿ ಕಾಣುವುದು ಬಟ್ಟೆ ಒಗೆಯುವ ಕಲ್ಲು, ನೀರು ತುಂಬಿಡುವ ತೊಟ್ಟಿ. ಹಾಗಾದರೆ ಹಿತ್ತಲ ಕೊಳವನ್ನು ತೋಡಿಸುವುದು ಯಾವುದು? ಹಣ ಎಂದು ಕೂಡಲೇ ಉತ್ತರ ಬರುತ್ತದೆ. ಅದು ನಿಜವಾದರೂ ಅರ್ಧ ಉತ್ತರ ಮಾತ್ರ. ಉಳಿದರ್ಧ, ನೀರನ್ನು ನೆರೆಯವನೊಡನೆ ಹಂಚಿಕೊಳ್ಳಲು ಒಲ್ಲದ ಮನಸ್ಸು ಎಂಬುದು ನನ್ನ ಅಭಿಪ್ರಾಯ.

ಹಿತ್ತಲ ಕೊಳಗಳಿಗೆ ಹೆಸರಾದ ನಗರ ಅಮೆರಿಕದ ಲಾಸ್ ಏಂಜಲೀಸ್. 2013ರಲ್ಲಿ ಬೆನೆಡಿಕ್ಟ್ ಗ್ರೋಸ್ ಮತ್ತು ಜೋಸೆಫ್ ಲೀ ಎಂಬಿಬ್ಬರು ಆಕಾಶದಿಂದ ತೆಗೆದ ಚಿತ್ರಗಳನ್ನು ಆಧರಿಸಿ ಆ ಪ್ರದೇಶದ ಕೊಳಗಳನ್ನೆಲ್ಲ ಎಣಿಸಿದರು. ಲೆಕ್ಕಕ್ಕೆ ಸಿಕ್ಕ ಕೊಳಗಳು 43,123. ಚಿತ್ರಗಳಲ್ಲಿ ಒಂದೊಂದು ಕೊಳದ ಅಂಚನ್ನೂ ಗುರುತಿಸುವ ಬೇಸರದ ಕೆಲಸವನ್ನು ಮಾಡಿದವರು ಭಾರತದ ಕೂಲಿ ಕೆಲಸಗಾರರು. ಅನ್ಯರ ಹಿತ್ತಲಿನ ನೀರಿಗೆ ಗೆರೆ ಎಳೆಯುವ ಭಾಗ್ಯ ನಮ್ಮವರದಾಯಿತು! ಆ ಲೆಕ್ಕದಂತೆ ಸಿರಿವಂತರ ಬೆವರ್ಲಿ ಹಿಲ್ಸ್‌ನಲ್ಲಿ 2,481 ಕೊಳಗಳಿದ್ದವು. ಬಡವರು ವಾಸಿಸುವ ವಾಟ್ಸ್ ಬಡಾವಣೆಯಲ್ಲಿ ಒಂದೂ ಇರಲಿಲ್ಲ. ಇವೆರಡರ ನಡುವಣ ದೂರ ಸುಮಾರು 20 ಕಿಲೋಮೀಟರು. ಎರಡಕ್ಕೂ ಸೂರ್ಯನೊಬ್ಬನೇ, ಸೆಕೆಯೊಂದೇ.

ಇದು ಹಣದ ಮಾತಾಯಿತು. ಇನ್ನು ಮನಸ್ಸಿನ ಮಾತು. 1950ರಲ್ಲಿ ಅಮೆರಿಕದಲ್ಲಿ ನೆಲದಲ್ಲಿ ತೋಡಿದ ಸ್ವಂತ ಕೊಳವಿದ್ದ ಕುಟುಂಬಗಳು ಸುಮಾರು 2,500 ಮಾತ್ರ. 1999ರ ವೇಳೆಗೆ ಅವು 40 ಲಕ್ಷವಾಗಿದ್ದುವೆಂದು ಇತಿಹಾಸಕಾರ ಜೆಫ್ ವಿಲ್ಟ್ಸಿ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಯುದ್ಧಾನಂತರ ಕೈಗೆ ಬಂದ ಹಣ, ಊರಾಚೆ ಬೆಳೆದ ಹೊಸ ಬಡಾವಣೆಗಳು, ಸಿಮೆಂಟು ಗಾರೆಯನ್ನು ಕೊಳವೆಯಿಂದ ಚಿಮ್ಮಿಸಿ ಕಡಿಮೆ ಖರ್ಚಿನಲ್ಲಿ ಕೊಳ ಕಟ್ಟುವ ವಿಧಾನ, ಇವೆಲ್ಲ ಅದಕ್ಕೆ ಕಾರಣ. ಆದರೆ ಅದೇ ಕಾಲದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಬಿಳಿಯರಿಗೆಂದೇ ಇದ್ದ ಸಾರ್ವಜನಿಕ ಕೊಳಗಳಿಗೆ ಕಪ್ಪು ಜನರನ್ನೂ ಸೇರಿಸಬೇಕೆಂದು ನ್ಯಾಯಾಲಯಗಳು ಹೇಳತೊಡಗಿದವು. ಆಗ ಅನೇಕ ಕಡೆ ಬಿಳಿಯರು ಊರ ಕೊಳವನ್ನೇ ತೊರೆದು ಖಾಸಗಿ ಕ್ಲಬ್ಬುಗಳಿಗೂ ಸ್ವಂತ ಹಿತ್ತಲುಗಳಿಗೂ ಹೋದರು. ಮಿಸಿಸಿಪ್ಪಿ ಸಂಸ್ಥಾನದ ಜಾಕ್ಸನ್ ನಗರವಂತೂ 1963ರಲ್ಲಿ ಕಪ್ಪು ಜನರೊಡನೆ ಒಂದೇ ನೀರಿಗೆ ಇಳಿಯುವುದಕ್ಕಿಂತ ಕೊಳಗಳನ್ನು ಮುಚ್ಚುವುದೇ ಲೇಸೆಂದು ಮುಚ್ಚಿಬಿಟ್ಟಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಇಬ್ಬರಿಗೂ ಸಮನಾಗಿ ಮುಚ್ಚಿರುವುದರಿಂದ ಇಲ್ಲಿ ಭೇದಭಾವವಿಲ್ಲವೆಂದು 1971ರಲ್ಲಿ ಐವರು ನ್ಯಾಯಾಧೀಶರು ತೀರ್ಮಾನಿಸಿದರು, ನಾಲ್ವರು ಒಪ್ಪಲಿಲ್ಲ. ಸಮನಾಗಿ ಮುಚ್ಚಿದ್ದೇನೋ ಸರಿ. ಆದರೆ ಹಿತ್ತಲಿನಲ್ಲಿ ಕೊಳವಿದ್ದವನಿಗೆ ಅದರಿಂದ ಆದ ನಷ್ಟವೇನು?

ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದ ಕಥೆಯೂ ಇದೇ ಜಾತಿಯದು. 1950ರ ಕಾಯಿದೆಯೊಂದು ಯಾವ ಬಣ್ಣದವರು ಎಲ್ಲಿ ವಾಸಿಸಬೇಕೆಂದು ಗೆರೆ ಹಾಕಿತು. ಆ ಕಾಯಿದೆ 1991ರಲ್ಲಿ ಹೋಯಿತು. ಗೆರೆ ಇನ್ನೂ ಪೂರ್ತಿ ಅಳಿಸಿಲ್ಲ. ಬೆಟ್ಟದ ತಪ್ಪಲಿನ ಬಂಗಲೆಗಳಲ್ಲಿ ಹೂದೋಟ, ಹಿತ್ತಲ ಕೊಳ. ಮರಳು ಬಯಲಿನ ಗುಡಿಸಲುಗಳಲ್ಲಿ ಹಲವು ಮನೆಗೊಂದು ನಲ್ಲಿ. ಬರಗಾಲ ಬಂದು 2018ರ ಫೆಬ್ರವರಿಯಿಂದ ತಲೆಯೊಂದಕ್ಕೆ ದಿನಕ್ಕೆ 50 ಲೀಟರು ಮಾತ್ರವೆಂದು ನಗರಾಡಳಿತ ಗೊತ್ತುಮಾಡಿತು. ನಲ್ಲಿಗಳು ಬತ್ತುವ ದಿನವನ್ನು ಎದುರುನೋಡುತ್ತ ಊರೇ ನಡುಗಿತು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಆ ನಗರದ ನೀರಿನ ಬಳಕೆಯನ್ನು ಲೆಕ್ಕಹಾಕಿತು. ಅತಿ ಸಿರಿವಂತ ಮನೆಯೊಂದು ದಿನಕ್ಕೆ 2,161 ಲೀಟರು ಬಳಸಿದರೆ ಗುಡಿಸಲಿನ ಸಂಸಾರ ಬಳಸುವುದು 41 ಲೀಟರು, ಎಂದರೆ ಸುಮಾರು ಮೂರು ಬಿಂದಿಗೆ. ಜನಸಂಖ್ಯೆಯಲ್ಲಿ ನೂರಕ್ಕೆ 14ರಷ್ಟೂ ಇಲ್ಲದ ಅನುಕೂಲಸ್ಥರು ನಗರದ ಅರ್ಧಕ್ಕಿಂತ ಹೆಚ್ಚು ನೀರನ್ನು ಬಳಸುತ್ತಿದ್ದರು. ನಿರ್ಬಂಧ ಬಿಗಿಯಾದಾಗ ಅವರಲ್ಲಿ ಅನೇಕರು ಸ್ವಂತ ಕೊಳವೆಬಾವಿ ಕೊರೆಸಿಕೊಂಡರು. ಮೇಲೆ ಕೊಳ ತೋಡಿದವನಿಗೆ ಕೆಳಗೆ ಬಾವಿ ತೋಡುವುದು ಕಷ್ಟವೆ?

“ಅವನ ಹಣ, ಅವನ ಹಿತ್ತಲು, ನಿನಗೇಕೆ ಉರಿ?” ಎಂದು ಕೆಲವು ಮಿತ್ರರು ಕೇಳಬಹುದು. ಹುಲ್ಲುಹಾಸಿಗೆ ಬೇಕಾಗುವಷ್ಟು ನೀರು ಅಷ್ಟೇ ಅಗಲದ ಕೊಳಕ್ಕೆ, ಅದರಲ್ಲಿಯೂ ಮುಚ್ಚಿಟ್ಟ ಕೊಳಕ್ಕೆ, ಬೇಕಾಗದೆ ಇರಬಹುದೆಂದು ತಿಳಿದವರು ವಾದಿಸಬಹುದು. ಇದರಲ್ಲಿ ಸತ್ಯವಿದೆ. ಈಜುವುದು ಪಾಪವೆಂದಾಗಲಿ, ಸುಖಪಡುವುದು ತಪ್ಪೆಂದಾಗಲಿ ನಾನು ಹೇಳುತ್ತಿಲ್ಲ. ಆದರೆ ಹಿತ್ತಲಿಗೆ ಬರುವ ನೀರು ಹಿತ್ತಲಿನಲ್ಲಿ ಹುಟ್ಟಿದ್ದಲ್ಲ. ಊರೆಲ್ಲರ ಅಣೆಕಟ್ಟಿನದು, ಊರೆಲ್ಲರ ಅಂತರ್ಜಲದ್ದು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸ್ವಂತ ಕೊಳವಿದ್ದವನು ಊರ ಕೊಳ ಪಾಚಿಗಟ್ಟಿದರೂ ಕೇಳುವುದಿಲ್ಲ. ಕೇಳಬಲ್ಲ ಬಾಯಿಗಳು ಹಿತ್ತಲಿಗೆ ಸರಿದ ಮೇಲೆ ಊರ ಕೊಳಕ್ಕೆ ಉಳಿಯುವವರು ಕೇಳಲು ಶಕ್ತಿಯಿಲ್ಲದವರು.

ನೀರನ್ನು ಹಂಚಿಕೊಳ್ಳಲು ಒಲ್ಲದ ಮನಸ್ಸು ಪರದೇಶದ್ದೆಂದು ನಾವು ಸಮಾಧಾನಪಡುವಂತಿಲ್ಲ. 1927ರ ಮಾರ್ಚಿನಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟುವುದಕ್ಕೆ ಡಾ. ಅಂಬೇಡ್ಕರರು ಸತ್ಯಾಗ್ರಹವನ್ನೇ ಹೂಡಬೇಕಾಯಿತು. ಮುಟ್ಟಿದ ಮೇಲೆ ಆ ಕೆರೆಯನ್ನು ‘ಶುದ್ಧಿ’ ಮಾಡಿದ ಮಹನೀಯರೂ ನಮ್ಮ ದೇಶದವರೇ. ಈಚೆಗೆ, 2024ರ ಮಾರ್ಚಿನಲ್ಲಿ, ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಬಾರದು, ತಪ್ಪಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿಯು ಆಜ್ಞೆ ಮಾಡಬೇಕಾಯಿತು. ಬೇಲಿಯೊಳಗಿನ ಕೊಳ ನಮ್ಮಲ್ಲಿಗೂ ಬಂದಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪರದೇಶದ ಕೊಳಗಳ ಮಾತು ನಮ್ಮ ಕಾಲೇಜಿನ ಸಂಚಿಕೆಗೆ ಏಕೆ ಎಂದು ವಾಚಕರು ಕೇಳಿದರೆ ನನ್ನ ಉತ್ತರವಿಷ್ಟೆ: ಸರ್ಕಾರಿ ಕಾಲೇಜೆಂಬುದೂ ಒಂದು ಊರ ಕೊಳ. ನನ್ನ ತಂದೆತಾಯಿಗಳು ಇಂಥ ಕೊಳಕ್ಕೆ ಇಳಿದವರಲ್ಲ. ನಮ್ಮ ಮನೆತನದಲ್ಲಿ ಮೊದಲು ಇಳಿದವನು ನಾನು. ಇಲ್ಲಿ ಅಂಥವರು ನೂರಾರು ಮಂದಿ ಇದ್ದೇವೆ. ನಾಳೆ ನಮಗೂ ಸಂಬಳ ಬರುತ್ತದೆ, ಮನೆಯಾಗುತ್ತದೆ, ಹಿತ್ತಲೂ ಆಗುತ್ತದೆ. ಆಗ ನಮ್ಮ ಮಕ್ಕಳಿಗೆಂದು ಹಣ ಕೊಟ್ಟು ಬೇರೆ ಶಾಲೆ, ಬೇರೆ ಆಸ್ಪತ್ರೆ, ಬೇರೆ ನೀರು ಕೊಂಡುಕೊಂಡು, ಹತ್ತಿ ಬಂದ ಏಣಿಯನ್ನು ಒದೆಯುತ್ತೇವೆಯೋ, ಇಲ್ಲವೆ ಈ ಕೊಳದ ಹೂಳೆತ್ತಲು ಒಂದು ಕೈ ಕೊಡುತ್ತೇವೆಯೋ? ಸಹಪಾಠಿಗಳೇ, ಸ್ವಂತ ಕೊಳ ತೋಡುವ ಶಕ್ತಿ ಬಂದ ದಿನವೇ ನಮ್ಮ ವಿದ್ಯೆಗೆ ನಿಜವಾದ ಪರೀಕ್ಷೆ. ಆ ಪರೀಕ್ಷೆಗೆ ಈಗಿನಿಂದಲೇ ಸಿದ್ಧರಾಗೋಣ.